ಹೊಸದಾಗಿ ಲಾರಿ ಕಂಪನಿ ಸೇರೋರಿಗೆ ಒಂದಿಷ್ಟು ಮಾತು

ಕಾರವಾರ, ಅಂಕೋಲಾ ಕಡೆ ಟ್ರಾನ್ಸ್‌ಪೋರ್ಟ್ ಕಂಪನಿ ಸೇರ್ತಿರೋ ಹುಡುಗ್ರಿಗೆ ಹೇಳ್ತಿದೀನಿ, ಹೆವಿ ಲೈಸೆನ್ಸ್ ಬಂದ ಕೂಡ್ಲೇ ಸ್ಟೇರಿಂಗ್ ಕೈಗೆ ಕೊಡೋದು ಕಡಿಮೆ, ಹೆಚ್ಚಿನ ಕಡೆ ಮೊದ್ಲು ಸೀನಿಯರ್ ಜೊತೆ ಸೆಕೆಂಡ್ ಡ್ರೈವರ್ ಆಗಿ ಕಳಿಸ್ತಾರೆ, ಬೇಜಾರ್ ಮಾಡ್ಕೋಬೇಡಿ, ಯಲ್ಲಾಪುರ-ಅಂಕೋಲಾ ನಡುವಿನ ಅರಬೈಲ್ ಘಾಟ್ ಕಲಿಯೋದೇ ಆವಾಗ. ಯಲ್ಲಾಪುರ ದಾಟಿ ಲೋಡ್ ಗಾಡಿ ಇಳಿಸೋವಾಗ ಇಳಿಜಾರು ಶುರು ಆಗೋಕ್ ಮುಂಚೆನೇ ಗೇರ್ ಕಡಿಮೆ ಮಾಡ್ಬೇಕು, ಎಂಜಿನ್ನೇ ಗಾಡಿನ ಹಿಡಿದು ಇಳಿಸ್ಬೇಕು, ಡೀಸೆಲ್ ಉಳಿಯತ್ತೆ ಅಂತ ನ್ಯೂಟ್ರಲ್ ಮಾಡಿ ಬರೀ ಬ್ರೇಕ್ ಮೇಲೆ ಬಂದ್ರೆ ಬ್ರೇಕ್ ಡ್ರಮ್ ಕಾದು ಸುಟ್ಟ ವಾಸನೆ ಬರತ್ತೆ, ಆಮೇಲೆ ಎಷ್ಟು ಒತ್ತಿದ್ರೂ ಹಿಡಿಯಲ್ಲ. ಬ್ರೇಕ್ ಹಿಡಿಯೋದು ಗಾಳಿ ಒತ್ತಡದಿಂದ, ಅದಕ್ಕೆ ಏರ್ ಪ್ರೆಶರ್ ಮೀಟರ್ ಮೇಲೂ ಒಂದ್ ಕಣ್ಣಿರ್ಲಿ.

ಮಳೆಗಾಲದಲ್ಲಿ ಗುಡ್ಡದ ಬುಡದಲ್ಲಿ ಗಾಡಿ ಹಾಕಿ ಮಲಗ್ಲೇಬೇಡಿ. 2024ರ ಜುಲೈಲಿ ಅಂಕೋಲಾ ಹತ್ರದ ಶಿರೂರಲ್ಲಿ ಗುಡ್ಡ ಕುಸಿದು ಡ್ರೈವರ್ ಲಾರಿ ಸಮೇತ ಗಂಗಾವಳಿ ನದಿ ಪಾಲಾದದ್ದು ನಾವೆಲ್ಲ ನೋಡಿದೀವಿ.

ಸಂಬಳ ಎಷ್ಟು, ಟ್ರಿಪ್ ಭತ್ಯೆ ಎಷ್ಟು, ಡೀಸೆಲ್ ಆವರೇಜ್ ಕಮ್ಮಿ ಬಂದ್ರೆ, ಟೈರ್ ಹೋದ್ರೆ ಯಾರ ಲೆಕ್ಕ, ಇದೆಲ್ಲ ಸೇರೋ ಮುಂಚೆನೇ ಬಾಯ್ಬಿಟ್ಟು ಕೇಳಿ, ಸಾಧ್ಯ ಆದ್ರೆ ವಾಟ್ಸಾಪಲ್ಲಿ ಬರೆಸ್ಕೊಳ್ಳಿ. ಒರಿಜಿನಲ್ ಲೈಸೆನ್ಸ್ ಆಫೀಸಲ್ಲಿ ಬಿಡ್ಬೇಡಿ, ಜೆರಾಕ್ಸ್ ಕೊಡಿ ಸಾಕು. ಇ-ವೇ ಬಿಲ್ (ಲೋಡ್ ಸಾಗಿಸೋಕೆ ಬೇಕಾದ ಜಿಎಸ್‌ಟಿ ದಾಖಲೆ) ನೋಡಿನೇ ಗಾಡಿ ತೆಗೀರಿ, ಸಾಮಾನ್ಯ ಲೋಡಿಗೆ 200 ಕಿಲೋಮೀಟರಿಗೆ ಒಂದು ದಿನ ಅದರ ವ್ಯಾಲಿಡಿಟಿ, ದಾರೀಲಿ ಗಾಡಿ ಕೆಟ್ಟು ನಿಂತ್ರೆ ತಕ್ಷಣ ಆಫೀಸಿಗೆ ಫೋನ್ ಮಾಡಿ ಎಕ್ಸ್‌ಟೆಂಡ್ ಮಾಡಿಸಿ.