ಕಾಲೇಜಿನಲ್ಲಿ ಶೈಕ್ಷಣಿಕ ಸಲಹೆಗಾರರಾಗಬೇಕೆ? ಮೊದಲೆರಡು ವರ್ಷ ಹೀಗಿರಲಿ

ಮೊದಲಿಗೆ, ಹುದ್ದೆಯ ಹೆಸರು ನೋಡಿ ಮೋಸಹೋಗಬೇಡಿ. ಬೆಂಗಳೂರಿನಲ್ಲಿ ‘ಅಕಾಡೆಮಿಕ್ ಕೌನ್ಸೆಲರ್’ ಎಂದು ಜಾಹೀರಾತಾಗುವ ಎಷ್ಟೋ ಕೆಲಸಗಳು ಫೋನಿನಲ್ಲಿ ಕೋರ್ಸ್ ಮಾರುವ ಕೆಲಸಗಳು. ‘ತಿಂಗಳಿಗೆ ಟಾರ್ಗೆಟ್ ಇದೆಯಾ?’ ಎಂದು ಸಂದರ್ಶನದಲ್ಲೇ ಕೇಳಿ. ಇದೆ ಎಂದರೆ ಎದ್ದು ಬನ್ನಿ. ವಿದ್ಯಾರ್ಥಿಗಳಿಗೆ ಓದಿನ ದಾರಿ ತೋರಿಸುವ ನಿಜವಾದ ಕೆಲಸಕ್ಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಕ್ಟರ್, ಪದವಿ ಕಾಲೇಜಿನಲ್ಲಿ ಮೆಂಟರ್ ಎಂಬ ಹೆಸರಿರುತ್ತದೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಅಥವಾ ಮನಃಶಾಸ್ತ್ರದ ಎಂಎ ಇದ್ದರೆ ಅನುಕೂಲ. ಉಪನ್ಯಾಸಕರಾಗಿ ಸೇರಿ ಮೆಂಟರ್ ಹೊಣೆಯನ್ನು ಕೇಳಿ ಪಡೆಯುವುದೂ ಒಳ್ಳೆಯ ದಾರಿ.

ಸೇರಿದ ವಾರವೇ ನಿಯಮಾವಳಿ ಓದಿ. ಸೀನಿಯರ್‌ಗಳ ಬಾಯಿಮಾತು ಸಾಲದು, ಏಕೆಂದರೆ ನಿಯಮ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಪದವಿ ಕಾಲೇಜುಗಳಿಗೆ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ), ಅದರ ಜೊತೆ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಹಾಗಾಗಿ ವಿದ್ಯಾರ್ಥಿಯನ್ನು ಕೇಳುವ ಮೊದಲ ಪ್ರಶ್ನೆ ‘ಯಾವ ವರ್ಷ ಸೇರಿದ್ದು?’ ಎಂದಿರಲಿ.

ಲೆಕ್ಕ ಬೆರಳ ತುದಿಯಲ್ಲಿರಬೇಕು. ಎಂಜಿನಿಯರಿಂಗ್ ಕಾಲೇಜುಗಳ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ ಥಿಯರಿ ವಿಷಯಕ್ಕೆ ಇಂಟರ್ನಲ್ಸ್‌ನಲ್ಲಿ 50ಕ್ಕೆ 20, ಅಂತಿಮ ಪರೀಕ್ಷೆಯಲ್ಲಿ 50ಕ್ಕೆ 18 ಬೇಕು. ಒಟ್ಟು ಮಾತ್ರ 40 ಆಗಲೇಬೇಕು. ಇಂಟರ್ನಲ್ಸ್‌ನಲ್ಲಿ ಬರೀ 20 ತೆಗೆದವರಿಗೆ ಪರೀಕ್ಷೆಯಲ್ಲಿ 18 ಬಂದರೆ 38 ಆಗಿ ವಿಷಯ ಹೋಗುತ್ತದೆ. ಇದನ್ನು ಫಲಿತಾಂಶ ಬಂದ ದಿನ ಹೇಳಿ ಪ್ರಯೋಜನವಿಲ್ಲ. ಹಾಜರಾತಿಯೂ ಹಾಗೆಯೇ. ಬೇಕಿರುವುದು 85%. 60 ತರಗತಿಗಳಲ್ಲಿ 40 ಮುಗಿದಿವೆ, ಹುಡುಗ ಬಂದದ್ದು 28 ಎನ್ನಿ. ಉಳಿದ 20ಕ್ಕೂ ತಪ್ಪದೆ ಬಂದರೂ 48, ಅಂದರೆ 80%. ಇನ್ನು 10%ವರೆಗಿನ ಕೊರತೆಗೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಸಿಗುವ ವಿನಾಯಿತಿಯೊಂದೇ ದಾರಿ. ಅದಕ್ಕೆ ದಾಖಲೆ ಬೇಕು. ಆಸ್ಪತ್ರೆಯ ಚೀಟಿಯನ್ನು ಇವತ್ತೇ ಎತ್ತಿಡಲು ಹೇಳಿ.

ಹೆಚ್ಚಿನವರು ಎಡವುವುದು ಎದುರುಬದುರು ಕೂತು ಮಾತಾಡುವಾಗ. ಸ್ಟಾಫ್‌ರೂಮಿನಲ್ಲಿ ಹತ್ತು ಜನರ ಮುಂದೆ ‘ಯಾಕೆ ಕ್ಲಾಸಿಗೆ ಬರಲ್ಲ?’ ಎಂದರೆ ‘ಹುಷಾರಿರಲಿಲ್ಲ ಸಾರ್’ ಎಂಬ ಉತ್ತರವಷ್ಟೇ ಸಿಗುತ್ತದೆ. ಖಾಲಿ ತರಗತಿ ಹುಡುಕಿ, ಬಾಗಿಲು ತೆರೆದಿರಲಿ. ‘ಬಾಪ್ಪ, ಕೂತ್ಕೋ. ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡ್ತೀಯ?’ ಎಂದು ಶುರು ಮಾಡಿ. ಹೊಸಕೋಟೆಯಿಂದ ಎರಡು ಬಸ್ ಬದಲಿಸುವುದು, ರಾತ್ರಿ ಹನ್ನೊಂದರವರೆಗೆ ಡೆಲಿವರಿ ಕೆಲಸ, ಕಟ್ಟದ ಫೀಸು ಎಲ್ಲ ಆಗ ಹೊರಬರುತ್ತವೆ. ಅವನು ಸುಮ್ಮನಾದರೆ ನೀವೂ ಸುಮ್ಮನಿರಿ. ನಡುವಿನ ಮೌನ ತುಂಬಲು ಬುದ್ಧಿವಾದ ಶುರು ಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಸಾಕು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಅರ್ಥವಾಗದಿದ್ದರೂ ‘ಓಕೆ ಸಾರ್’ ಎನ್ನುತ್ತಾರೆ. ಏನು ತೀರ್ಮಾನವಾಯಿತೆಂದು ಅವರ ಬಾಯಿಂದಲೇ ಹೇಳಿಸಿ. ಎರಡೇ ಕೆಲಸ, ಎರಡು ತಾರೀಖು ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಿ. ಐದು ಬರೆದರೆ ಒಂದೂ ಆಗುವುದಿಲ್ಲ.

‘ನಾನು ನೋಡ್ಕೋತೀನಿ ಬಿಡು’ ಎಂದು ಮಾತ್ರ ಹೇಳಲೇಬೇಡಿ. ಹಾಜರಾತಿ ನಿಮ್ಮ ಕೈಯಲ್ಲಿಲ್ಲ. ಆ ಮಾತು ನಂಬಿಕೊಂಡು ಪರೀಕ್ಷೆಗೆ ಕೂರಲಾಗದ ಹುಡುಗಿ ಮತ್ತೆ ನಿಮ್ಮ ಬಳಿ ಬರುವುದಿಲ್ಲ. ಮನೆಗೆ ಫೋನ್ ಮಾಡುವುದಿದ್ದರೆ ಮೊದಲು ಅವಳಿಗೆ ತಿಳಿಸಿ. ಬದುಕುವುದೇ ಬೇಡ ಎಂಬಂಥ ಮಾತು ಬಂದರೆ ಗುಟ್ಟು ಕಾಯುವ ಪ್ರಶ್ನೆಯೇ ಇಲ್ಲ: ಒಬ್ಬಳನ್ನೇ ಬಿಡದೆ ಕೌನ್ಸೆಲರ್ ಬಳಿ ನೀವೇ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ದಿನವಿಡೀ ತೆರೆದಿರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ನಿಮ್ಹಾನ್ಸ್ ತುರ್ತು ವಿಭಾಗ ರಾತ್ರಿಯೂ ಇರುತ್ತದೆ.

ಮೆಂಟರ್ ಡೈರಿಯನ್ನು ಅಂದೇ ಮೂರು ಸಾಲಿನಲ್ಲಿ ಬರೆಯಿರಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ವರ್ಷದ ಸಹಿ ಹಾಕಿಸಿದ ಡೈರಿಯಿಂದ ಮಕ್ಕಳಿಗೆ ನಯಾಪೈಸೆ ಉಪಯೋಗವಿಲ್ಲ. ನಲವತ್ತು ಕಾಲಂಗಳ ರೆಡಿಮೇಡ್ ಫಾರಂ ಬೇಡ, ಇನ್ನೂರು ಪುಟದ ನೋಟ್‌ಬುಕ್ ಸಾಕು. ಕೆಂಪು ಬಣ್ಣ ತೋರಿಸುವ ಮೆಂಟರಿಂಗ್ ಆ್ಯಪ್‌ಗಳು ಯಾರು ಬಂದಿಲ್ಲ ಎನ್ನುತ್ತವೆಯೇ ಹೊರತು ಯಾಕೆ ಬಂದಿಲ್ಲ ಎನ್ನುವುದಿಲ್ಲ.

ಎರಡು ವರ್ಷಕ್ಕೆ ಬೇರೆ ಕಾಲೇಜಿಗೆ ಹೋಗುವುದಾದರೆ ಒಂದು ವಾರ ಮೊದಲೇ ಮುಂದಿನ ಮೆಂಟರ್ ಜೊತೆ ಕೂತು, ಬ್ಯಾಕ್ (ಪಾಸಾಗದ ವಿಷಯ) ಉಳಿಸಿಕೊಂಡ ಪ್ರತಿಯೊಬ್ಬರ ಹೆಸರನ್ನೂ, ಕೊಟ್ಟ ತಾರೀಖುಗಳನ್ನೂ ಒಪ್ಪಿಸಿ. ಸಾಧ್ಯವಾದರೆ ಆ ಮಕ್ಕಳಿಗೆ ಹೊಸಬರನ್ನು ಎದುರಿಗೇ ಪರಿಚಯಿಸಿ.