ಎರಡು ಮಿಲಿಮೀಟರ್ ವ್ಯತ್ಯಾಸ: ನನ್ನ ಆರ್‌ಡಿ ಕಾರ್ಬ್ಯುರೇಟರ್ ಕಥೆ

ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್‌ಗಳನ್ನು ಮೂರು ಸಲ ಬಿಚ್ಚಿ ತೊಳೆದೆ. ಮೂರು ಸಲವೂ ಗಾಡಿ ಹಾಗೇ ಇತ್ತು. ಎಡಗಡೆ ಸೈಲೆನ್ಸರ್‌ನಲ್ಲಿ ಸೊಳ್ಳೆ ಓಡಿಸುವಷ್ಟು ಹೊಗೆ, ಬಲಗಡೆ ಬರೀ ಕೆಮ್ಮು. ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಬಿಟ್ಟಾಗ, ಎಂಜಿನ್ ಆಫ್ ಆಗುತ್ತಿತ್ತು. ಆಫ್ ಆಗದಿರಲಿ ಅಂತ ಐಡಲ್ ಸ್ಕ್ರೂ ಬಿಗಿ ಮಾಡಿದರೆ ಇದ್ದಕ್ಕಿದ್ದಂತೆ ಕಿರುಚಿಕೊಂಡು ಮೇಲೇರುತ್ತಿತ್ತು, ಕೆಳಗೆ ಇಳಿಯುತ್ತಲೇ ಇರಲಿಲ್ಲ.

ಗಾಡಿ ರಾಜ್‌ದೂತ್ 350. 1983ರಿಂದ ಎಸ್ಕಾರ್ಟ್ಸ್‌ನವರು ನಮ್ಮಲ್ಲಿ ತಯಾರಿಸಿದ ಯಮಾಹಾ ಆರ್‌ಡಿ350. ಬೆಂಗಳೂರಲ್ಲಿ ಯಾರೂ ಅದನ್ನು ರಾಜ್‌ದೂತ್ ಅನ್ನಲ್ಲ, ಆರ್‌ಡಿ ಅಂತಲೇ ಕರೆಯುತ್ತಾರೆ. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರ್. ಸಿಲಿಂಡರ್‌ಗೊಂದರಂತೆ ಎರಡು ಕಾರ್ಬ್ಯುರೇಟರ್. ನನಗೆ ಸಿಕ್ಕಿದ್ದು ದಾವಣಗೆರೆ ಕಡೆಯಿಂದ. ಏಳೆಂಟು ವರ್ಷ ಶೆಡ್‌ನಲ್ಲಿ ಜೋಳದ ಚೀಲಗಳ ಪಕ್ಕ ನಿಂತಿದ್ದ ಗಾಡಿ.

ನಮ್ಮ ಬೀದಿ ಕೊನೆಯಲ್ಲಿ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ. ಈಗ ಕೆಲಸ ಬಿಟ್ಟಿದ್ದಾರೆ, ಮಗನ ಪಂಕ್ಚರ್ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ನಾಲ್ಕನೇ ಸಲ ತೊಳೆಯೋಕೆ ಹೊರಟಾಗ ಅವರ ಹತ್ತಿರ ಹೋದೆ. ಎರಡೂ ಕಾರ್ಬ್ಯುರೇಟರ್ ಕೈಗೆ ತಗೊಂಡರು. ತಿರುಗಿಸಿ ತಿರುಗಿಸಿ ನೋಡಿದರು. ಬಿಚ್ಚಲೇ ಇಲ್ಲ.

"ಇವೆರಡೂ ಅಣ್ಣತಮ್ಮ ಅಲ್ಲ ಸಾರ್" ಅಂದರು. "ಯಾವ್ದು ಮನೆಮಗ, ಯಾವ್ದು ದತ್ತು ಅಂತ ಮೊದ್ಲು ನೋಡಿ. ಆಮೇಲೆ ಸ್ನಾನ ಮಾಡ್ಸಿ."

ಮನೆಗೆ ಬಂದು ಸೂಕ್ಷ್ಮ ಅಳತೆಯ ವರ್ನಿಯರ್ ಕ್ಯಾಲಿಪರ್ ತೆಗೆದೆ. ಎಂಜಿನ್ ಕಡೆ ಬಾಯಿಯ ಒಳ ಅಳತೆ ಎಡಗಡೆಯದು 28 ಮಿ.ಮೀ. ಬಲಗಡೆಯದು 26. ಎರಡು ಮಿಲಿಮೀಟರ್ ಕಣ್ಣಿಗೆ ಗೊತ್ತಾಗಲ್ಲ. ಎರಡೂ ಒಂದೇ ಬೂದು ಬಣ್ಣ, ಒಂದೇ ಆಕಾರ, ಒಂದೇ ಥರದ ಮುಚ್ಚಳ. ಮೂರು ಸಲ ಕೈಯಲ್ಲಿ ಹಿಡಿದು ಉಜ್ಜಿದ್ದೆ, ಒಂದು ಸಲವೂ ಅಳೆದು ನೋಡಿರಲಿಲ್ಲ.

ಆರ್‌ಡಿಗೆ ಬರುವುದು ಜಪಾನಿನ ಮಿಕುನಿ ಕಂಪನಿಯ ವಿಎಂ28. ವಿಎಂ ಅಂದರೆ ಒಳಗೆ ದುಂಡನೆ ಸ್ಲೈಡ್ ಇರುವ ಮಾದರಿ, ಥ್ರಾಟಲ್ ತಿರುಗಿಸಿದಾಗ ಮೇಲೆದ್ದು ಗಾಳಿಗೆ ದಾರಿ ಬಿಡುವುದು ಈ ಸ್ಲೈಡ್. ನಮ್ಮ ಮೆಕ್ಯಾನಿಕ್‌ಗಳು ಆ ಸ್ಲೈಡ್‌ಗೆ ಪಿಸ್ಟನ್ ಅಂತಾರೆ. ಮುಂದಿನ ಸಂಖ್ಯೆ ಬಾಯಿಯ ಅಳತೆ. ಆರ್‌ಎಕ್ಸ್100ರದು ವಿಎಂ20. ಕವಾಸಾಕಿ ಝಡ್1ರಲ್ಲಿ ಇದೇ ವಿಎಂ28, ಆದರೆ ನಾಲ್ಕು ಸಾಲಾಗಿ. ಅಕ್ಷರ ಬಿಎಸ್ ಅಂತಿದ್ದರೆ ಅದು ಬೇರೆ ಜಾತಿ. ಯಮಾಹಾ ಎಕ್ಸ್‌ಎಸ್650ರ ಬಿಎಸ್38ರಂತೆ ನಿರ್ವಾತದಿಂದ ಸ್ಲೈಡ್ ಏಳುತ್ತದೆ, ಒಳಗೆ ತೆಳು ರಬ್ಬರ್ ಡಯಾಫ್ರಮ್ ಇರುತ್ತದೆ. ಅದರ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದರೆ ರಬ್ಬರ್ ಉಬ್ಬಿ ಹಪ್ಪಳ ಆಗುತ್ತದೆ. ಹೋಂಡಾ ಗಾಡಿಗಳಲ್ಲಿ ಹೆಚ್ಚಾಗಿ ಕೈಹಿನ್ ಕಂಪನಿಯ ಕಾರ್ಬ್ಯುರೇಟರ್ ಇರುತ್ತದೆ, ಸಿಬಿ750ರಲ್ಲಿ 28 ಮಿ.ಮೀ.ನವು ನಾಲ್ಕು.

ನನ್ನ ಬಲಗಡೆಯದರ ಮೇಲೆ ಮಿಕುನಿಯ ಚೌಕ ಗುರುತೇ ಇರಲಿಲ್ಲ. ಅಚ್ಚಿನಿಂದ ಬಂದ ಅಂಚುಗಳು ಒರಟಾಗಿದ್ದವು, ಬೆರಳಿಗೆ ಮರಳಿನಂತೆ ತಾಗುತ್ತಿದ್ದವು. ಯಾವ ಗಾಡಿಗಾದರೂ ಕೂರುತ್ತೆ ಅಂತ ಮಾರುವ ನಕಲು ಅದು. ನಮ್ಮ ದೇಶದಲ್ಲಿ ಯೂಕಾಲ್‌ನವರು ಮಿಕುನಿಯ ತಂತ್ರಜ್ಞಾನದಲ್ಲಿ ಮಾಡಿದವೂ ಬೇಕಾದಷ್ಟಿವೆ, ಅವು ನಕಲಲ್ಲ, ಒಳ್ಳೇ ಮಾಲು. ಜೆಟ್‌ಗಳ, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡುಗಳ ಮೇಲೂ ಗುರುತು ಹುಡುಕಬೇಕು. ಅಸಲಿ ಮಿಕುನಿ ಜೆಟ್ ತಲೆಯ ಮೇಲೆ ಪುಟ್ಟ ಚೌಕ, ಪಕ್ಕದಲ್ಲಿ ಚೊಕ್ಕವಾಗಿ ಕೊರೆದ ನಂಬರ್. ಗಡಿಯಾರ ರಿಪೇರಿ ಮಾಡುವವರು ಇಡುವ ಲೆನ್ಸ್ ನೂರು ರೂಪಾಯಿಗೆ ಸಿಕ್ಕಿತ್ತು. ನನಗೆ ಈ ಕೆಲಸದಲ್ಲಿ ಅತೀ ಹೆಚ್ಚು ಉಪಯೋಗ ಆದ ಸಾಮಾನು ಅದೇ.

ಕಾರ್ಬ್ಯುರೇಟರ್ ಗೊತ್ತಾದ ಮೇಲೆ ಹಿಂದಿನವರ ಕೈಚಳಕ ಒಂದೊಂದಾಗಿ ಬಯಲಾಯ್ತು. ಆರ್‌ಡಿಯಲ್ಲಿ ಚೋಕ್ ಇರುವುದು ಎಡಗಡೆ ಕಾರ್ಬ್ಯುರೇಟರ್‌ನಲ್ಲಿ ಮಾತ್ರ. ಅಲ್ಲಿಂದ ಒಂದು ಸಣ್ಣ ರಬ್ಬರ್ ಪೈಪು ಬಲಗಡೆಗೆ ಹೋಗುತ್ತದೆ, ಚೋಕ್ ಎಳೆದಾಗ ಎರಡಕ್ಕೂ ಪೆಟ್ರೋಲ್ ಸಿಗುವುದು ಆ ದಾರಿಯಲ್ಲಿ. ನಕಲಿ ಕಾರ್ಬ್ಯುರೇಟರ್‌ಗೆ ಆ ಮೂತಿಯೇ ಇಲ್ಲ. ಹಾಗಾಗಿ ಯಾರೋ ಮಹಾನುಭಾವರು ಎಡಗಡೆ ಪೈಪಿನ ತುದಿಗೆ ಒಂದು ಮರದ ಸ್ಕ್ರೂ ತುರುಕಿದ್ದರು. ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಗಾಳಿ ಜಾಸ್ತಿ ಆಗಿದ್ದಕ್ಕೆ ಪೆಟ್ರೋಲ್ ಹೆಚ್ಚಿಸಲು ಎಡಗಡೆ ಮೇನ್ ಜೆಟ್ (ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಅಳೆಯುವ ಜೆಟ್) ದೊಡ್ಡದು ಹಾಕಿದ್ದರು, ಸ್ಲೈಡ್‌ನ ಸೂಜಿಯನ್ನು ಪೂರ್ತಿ ಮೇಲಕ್ಕೆ ಎತ್ತಿದ್ದರು. ಹೊಗೆ ಬರದೆ ಇನ್ನೇನು?

ಬಲಗಡೆ ಇನ್ನೂ ಚೆನ್ನಾಗಿತ್ತು. 26ರ ಮೂತಿ ಎಂಜಿನ್ನಿನ ರಬ್ಬರ್ ಬೂಟ್‌ಗೆ ಸಡಿಲ. ಅದಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಸುತ್ತು ಸುತ್ತಿ ಕ್ಲಾಂಪ್ ಬಿಗಿದಿದ್ದರು. ಪೆಟ್ರೋಲ್ ಸೋಕಿ ಸೋಕಿ ಆ ಟ್ಯೂಬ್ ಅಂಟಿನಂತಾಗಿತ್ತು. ಟೂ ಸ್ಟ್ರೋಕ್ ಗಾಡಿಯಲ್ಲಿ ಇದು ತಮಾಷೆ ಅಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆ ಆದರೆ ಎಂಜಿನ್ ತಣ್ಣಗಿರಲ್ಲ. ಬಿಸಿ ಏರಿ ಎಂಜಿನ್ನಿನ ಪಿಸ್ಟನ್ ಸೀಜ್ ಆಗಿ ಸಿಲಿಂಡರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವಾದರೆ ಪಿಸ್ಟನ್ ತಲೆಗೆ ತೂತು ಬೀಳುತ್ತದೆ. ನಾನು ಹೆದ್ದಾರಿಗೆ ತಗೊಂಡು ಹೋಗದೆ ಉಳಿದದ್ದು ನನ್ನ ಜಾಣತನದಿಂದ ಅಲ್ಲ, ಇನ್ಶೂರೆನ್ಸ್ ಆಗಿರಲಿಲ್ಲ ಅಷ್ಟೇ.

ಬಲಗಡೆಗೆ ಅಸಲಿ ವಿಎಂ28 ಹುಡುಕಲು ಎರಡು ತಿಂಗಳು ಹಿಡಿಯಿತು. ಬೆಂಗಳೂರಲ್ಲಿ ಗಾಡಿ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯಲ್ಲಿ ಮೂರು ಶನಿವಾರ ಅಲೆದೆ. ಹೋದಲ್ಲೆಲ್ಲ "ಆರ್‌ಡಿದಾ? ಐತೆ ಬನ್ನಿ" ಅನ್ನುತ್ತಿದ್ದರು, ಒಳಗಿಂದ ತರುತ್ತಿದ್ದದ್ದು ಅದೇ ನಕಲು. ಕೊನೆಗೆ ಗಾಡಿ ಬಿಚ್ಚಿ ಬಿಡಿಭಾಗ ಮಾರುತ್ತಿದ್ದ ಒಬ್ಬರ ಹತ್ತಿರ ಸಿಕ್ಕಿತು. ವರ್ನಿಯರ್, ಲೆನ್ಸ್ ಎರಡನ್ನೂ ಜೇಬಲ್ಲಿ ಇಟ್ಟುಕೊಂಡೇ ಹೋಗಿದ್ದೆ. 28 ಮಿ.ಮೀ. ಚೌಕ ಗುರುತು ಇತ್ತು. ಚೋಕ್ ಪೈಪಿನ ಮೂತಿ ಇತ್ತು. ನೋಡೋಕೆ ಮಾತ್ರ ಬಾವಿಯಿಂದ ತೆಗೆದ ಹಾಗಿತ್ತು. ಬೌಲ್ (ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ತುಂಬ ಹಸಿರು ಪಾಚಿಯಂಥ ಕಿಲುಬು. ದುಡ್ಡು ಎಷ್ಟು ಕೊಟ್ಟೆ ಅಂತ ಮನೆಯಲ್ಲಿ ಹೇಳಿಲ್ಲ, ಇಲ್ಲೂ ಹೇಳಲ್ಲ.

ಬಿಚ್ಚುವ ಮುಂಚೆ ಒಂದು ಮಾತು. ಜಪಾನೀ ಗಾಡಿಗಳ ಪ್ಲಸ್ ಸ್ಕ್ರೂ ನಮ್ಮ ಮಾಮೂಲಿ ಫಿಲಿಪ್ಸ್ ಅಲ್ಲ. ಜೆಐಎಸ್ ಅಂತ ಬೇರೆ ಅಳತೆ, ಕೆಲವು ಸ್ಕ್ರೂ ತಲೆಯ ಮೇಲೆ ಗುರುತಿಗೆ ಒಂದು ಚುಕ್ಕಿ ಇರುತ್ತದೆ. ಫಿಲಿಪ್ಸ್ ಡ್ರೈವರ್ ಹಾಕಿ ತಿರುಗಿಸಿದರೆ ತುದಿ ಮೇಲಕ್ಕೆದ್ದು ಜಾರುತ್ತದೆ, ತಲೆ ಸವೆದು ಗುಳಿ ಬೀಳುತ್ತದೆ. ನಾನು ಎಡಗಡೆ ಬೌಲ್‌ನ ನಾಲ್ಕರಲ್ಲಿ ಒಂದನ್ನು ಹೀಗೇ ಹಾಳು ಮಾಡಿ ಡ್ರಿಲ್ ಹಾಕಿ ತೆಗೆಯಬೇಕಾಯ್ತು. ಬಲಗಡೆಗೆ ಜೆಐಎಸ್ ಡ್ರೈವರ್ ತರಿಸಿದೆ. ಹಿಂದಿನ ರಾತ್ರಿ ಸ್ಕ್ರೂಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ, ಬೆಳಿಗ್ಗೆ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿದೆ, ಹಿಡಿಗೆ ಸುತ್ತಿಗೆಯಿಂದ ಮೆಲ್ಲಗೆ ಎರಡು ಏಟು. ಬೆಣ್ಣೆಯಂತೆ ಬಂದವು.

ತೊಳೆಯೋಕೆ ಏನೇನೋ ಹೇಳುತ್ತಾರೆ. ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಕುದಿಸಿ ಅನ್ನುವವರಿದ್ದಾರೆ. ಹಿತ್ತಾಳೆ ಜೆಟ್‌ಗೆ ಹುಣಸೆಹಣ್ಣು ಪರವಾಗಿಲ್ಲ, ದೇವರ ದೀಪ ತೊಳೆದ ಹಾಗೇ ಹೊಳೆಯುತ್ತದೆ. ಬಾಡಿಯನ್ನು ಮಾತ್ರ ಹುಳಿಯಲ್ಲಿ ಹಾಕಬೇಡಿ, ಆ ಲೋಹವನ್ನು ಹುಳಿ ತಿಂದು ಕಪ್ಪು ಮಾಡುತ್ತದೆ. ನನ್ನ ಗೆಳೆಯನದು ಚಿನ್ನಬೆಳ್ಳಿ ಕೆಲಸದ ಅಂಗಡಿ. ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಮೆಷಿನ್ ಅವನ ಹತ್ತಿರ ಇದೆ. ಒಂದು ಭಾನುವಾರ ಅದರಲ್ಲಿ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಾಡಿ ಮುಳುಗಿಸಿದೆವು. ಐದೇ ನಿಮಿಷಕ್ಕೆ ತೂತುಗಳಿಂದ ಕಪ್ಪು ಹೊಗೆಯಂತೆ ಕೊಳೆ ಹೊರಡಲು ಶುರುವಾಯ್ತು. ಅರ್ಧ ಗಂಟೆಗೆ ನೀರು ಕಪ್ಪು ಟೀ. ಮೂರು ಸಲ ನೀರು ಬದಲಿಸಿದೆವು. "ಗಿರಾಕಿ ಯಾರಾದ್ರೂ ನೋಡಿದ್ರೆ ನನ್ ಕಥೆ ಅಷ್ಟೇ ಕಣೋ" ಅಂತ ಅವನು ಅರ್ಧ ಶಟರ್ ಇಳಿಸಿದ್ದ.

ಐಡಲ್‌ನಲ್ಲಿ ಪೆಟ್ರೋಲ್ ಕೊಡುವ ಪೈಲಟ್ ಜೆಟ್‌ನ ಕಟ್ಟು ಆಗಲೂ ಬಿಡಲಿಲ್ಲ. ಅದರ ತೂತು ದಪ್ಪ ಕೂದಲಿನಷ್ಟು. ಸ್ಟೀಲ್ ತಂತಿ ಹಾಕಿದರೆ ಹಿತ್ತಾಳೆ ಸವೆದು ತೂತು ದೊಡ್ಡದಾಗುತ್ತದೆ, ಆಮೇಲೆ ನಂಬರ್‌ಗೆ ಬೆಲೆ ಇಲ್ಲ. ವೈರಿನ ಒಳಗಿನ ತಾಮ್ರದ ಒಂದೇ ಒಂದು ಎಳೆ ತಗೊಂಡು, ಥಿನ್ನರ್‌ನಲ್ಲಿ ರಾತ್ರಿಯಿಡೀ ನೆನೆಸಿದ ಜೆಟ್ಟಿಗೆ ಮೆಲ್ಲಗೆ ತೂರಿಸಿದೆ. ಬಲ್ಬಿಗೆ ಎದುರು ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ಕಂಡಿತು. ದುಂಡಗೆ ಇತ್ತು.

ಬೆಳಕಿಗೆ ಹಿಡಿಯುವ ಈ ಅಭ್ಯಾಸವೇ ಎಡಗಡೆಯ ಇನ್ನೊಂದು ರೋಗ ತೋರಿಸಿತು. ಸ್ಲೈಡ್‌ಗೆ ನೇತುಬಿದ್ದ ಸೂಜಿ ನೀಡಲ್ ಜೆಟ್ ಒಳಗೆ ಓಡಾಡುತ್ತಿರುತ್ತದೆ, ವರ್ಷಗಟ್ಟಲೆ ಒಂದೇ ಕಡೆಗೆ ಉಜ್ಜುತ್ತದೆ. ಸೂಜಿಯನ್ನು ಜೆಟ್ ಒಳಗೆ ಇಟ್ಟು ನೋಡಿದರೆ ಸುತ್ತಲೂ ಒಂದೇ ಸಮ ಬೆಳಕಿನ ಉಂಗುರ ಕಾಣಬೇಕು. ನನಗೆ ಕಂಡದ್ದು ಬಿದಿಗೆ ಚಂದ್ರ. ಜೆಟ್ ಮೊಟ್ಟೆಯಾಕಾರಕ್ಕೆ ಸವೆದಿತ್ತು. ಮಿಕುನಿ ನೀಡಲ್ ಜೆಟ್ ಮೇಲೆ ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಇರುತ್ತದೆ. ಒಂದು ಅಕ್ಷರದಿಂದ ಮುಂದಿನ ಅಕ್ಷರಕ್ಕೆ ತೂತು 0.05 ಮಿ.ಮೀ. ದೊಡ್ಡದಾಗುತ್ತದೆ, ಅಂಕಿ ಏರಿದಂತೆ ಅದರೊಳಗಿನ ಸಣ್ಣ ಮೆಟ್ಟಿಲು. ಇಷ್ಟು ಸೂಕ್ಷ್ಮ ಲೆಕ್ಕದ ಜಾಗದಲ್ಲಿ ಸವೆತ ಎಷ್ಟು ಕೆಲಸ ಕೆಡಿಸುತ್ತದೆ ನೋಡಿ. ಕಾಲುಭಾಗದಿಂದ ಮುಕ್ಕಾಲು ಥ್ರಾಟಲ್ ತನಕ ಪೆಟ್ರೋಲ್ ಅಳೆಯುವುದು ಈ ಜೋಡಿಯೇ. ಪೇಟೆಯಲ್ಲಿ ಓಡಿಸುವುದೂ ಅಲ್ಲೇ ಅಲ್ವಾ? ಎರಡೂ ಕಡೆಗೆ ಹೊಸ ಸೂಜಿ, ಹೊಸ ನೀಡಲ್ ಜೆಟ್ ಹಾಕಿದೆ. ಒಂದೇ ಬದಲಾಯಿಸಿ ದುಡ್ಡು ಉಳಿಸುವ ಯೋಚನೆ ಬಂದಿತ್ತು, ಬಿಟ್ಟೆ.

ಸ್ಲೈಡ್ ತಳದಲ್ಲೂ ನಂಬರ್ ಇದೆ. ಅದು ಗಾಳಿ ಬರುವ ಕಡೆಯ ಕತ್ತರಿಸಿದ ಭಾಗದ ಎತ್ತರ, ಮಿ.ಮೀ. ಲೆಕ್ಕದಲ್ಲಿ. ನಂಬರ್ ಜಾಸ್ತಿ ಆದಷ್ಟೂ ಶುರುವಿನಲ್ಲಿ ಗಾಳಿ ಜಾಸ್ತಿ. ಎಡಬಲ ಎರಡಕ್ಕೂ ಒಂದೇ ನಂಬರ್ ಇರಬೇಕು.

ಓ-ರಿಂಗ್, ಗ್ಯಾಸ್ಕೆಟ್, ಫ್ಲೋಟ್ ಪಿನ್ ಎಲ್ಲಾ ಹೊಸದು. ಹಳೇ ರಬ್ಬರ್‌ಗೆ ಈಗಿನ ಪೆಟ್ರೋಲ್ ಒಗ್ಗಲ್ಲ. ಶೇಕಡಾ 20 ಎಥನಾಲ್ ಇರುವ ಇ20 ಬಿಡುಗಡೆ ಆಗಿದ್ದು ಬೆಂಗಳೂರಲ್ಲೇ, 2023ರ ಫೆಬ್ರುವರಿಯಲ್ಲಿ. ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ನಿಂತ ಗಾಡಿಯ ಬೌಲ್ ತಳದಲ್ಲಿ ಅದೇ ನೀರು ಕಿಲುಬು ಹಿಡಿಸುತ್ತದೆ. ಅದಕ್ಕೆ ನಾನು ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಬೌಲ್ ಖಾಲಿ ಮಾಡಿಬಿಡುತ್ತೇನೆ.

ಜೋಡಿಸಿದ ಮೇಲೆ ಎರಡನ್ನೂ ಸಮ ಮಾಡುವುದು. ಇದಕ್ಕೆ ಗೇಜ್ ಇವೆ. ನಮ್ಮ ಹಳೇ ಮೆಕ್ಯಾನಿಕ್ ಹೇಳಿಕೊಟ್ಟಿದ್ದು ಡ್ರಿಲ್ ಬಿಟ್. ಒಂದೇ ಅಳತೆಯ ಎರಡು ಬಿಟ್‌ಗಳ ನುಣುಪು ಹಿಂಬದಿಯನ್ನು ಎರಡು ಸ್ಲೈಡ್‌ಗಳ ಕೆಳಗೆ ಇಡುವುದು. ಐಡಲ್ ಸ್ಕ್ರೂ ತಿರುಗಿಸಿ, ಎರಡೂ ಬಿಟ್ ಒಂದೇ ಬಿಗಿಯಲ್ಲಿ ಜಾರುವಂತೆ ಮಾಡುವುದು. ಆಮೇಲೆ ಥ್ರಾಟಲ್ ಕೂದಲೆಳೆಯಷ್ಟು ತಿರುಗಿಸಿದಾಗ ಎರಡೂ ಬಿಟ್ ಒಟ್ಟಿಗೇ ಬೀಳಬೇಕು. ನನ್ನದರಲ್ಲಿ ಮೊದಲ ಸಲ ಎಡಗಡೆಯದು ಟಣ್ ಅಂತ ಬಿತ್ತು, ಬಲಗಡೆಯದು ಹಾಗೇ ಇತ್ತು. ಕೇಬಲ್ ಅಡ್ಜಸ್ಟರ್ ಜತೆ ಮುಕ್ಕಾಲು ಗಂಟೆ ಗುದ್ದಾಡಿದ ಮೇಲೆ ಟಣ್ ಟಣ್ ಹೋಗಿ ಒಂದೇ ಟಣ್ ಆಯ್ತು.

ಏರ್ ಸ್ಕ್ರೂ ಪೂರ್ತಿ ಒಳಗೆ ಕೂರಿಸಿ ಒಂದೂವರೆ ಸುತ್ತು ಹೊರಗೆ. ಬಿಗಿಯಾಗಿ ಕೂರಿಸಬೇಡಿ, ತುದಿ ಮುರಿದು ಒಳಗೇ ಉಳಿಯುತ್ತದೆ. ವಿಎಂನಲ್ಲಿ ಈ ಸ್ಕ್ರೂ ಫಿಲ್ಟರ್ ಕಡೆ ಇರುತ್ತದೆ, ಅಳೆಯುವುದು ಗಾಳಿಯನ್ನು. ಒಳಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ ಆದಂತೆ. ಎಂಜಿನ್ ಕಡೆ ಸ್ಕ್ರೂ ಇರುವ ಬೇರೆ ಕಾರ್ಬ್ಯುರೇಟರ್‌ಗಳಲ್ಲಿ ಇದು ಉಲ್ಟಾ. ಗೊತ್ತಿಲ್ಲದೆ ತಿರುಗಿಸಿ ಗಾಡಿಗೆ ಬೈದವರನ್ನು ನೋಡಿದ್ದೇನೆ.

ಮೇನ್ ಜೆಟ್ ಬೇಕೆಂದೇ ಒಂದು ನಂಬರ್ ದೊಡ್ಡದರಿಂದ ಶುರು ಮಾಡಿದೆ. ಊರಾಚೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಥ್ರಾಟಲ್, ಕ್ಲಚ್ ಹಿಡಿದು ಎಂಜಿನ್ ಆಫ್, ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿದೆ. ಬಲಗಡೆಯದು ಮಾರಿ ಬಿಸ್ಕತ್ತಿನ ಬಣ್ಣ, ಅಂದರೆ ಪೆಟ್ರೋಲ್-ಗಾಳಿ ಹದ ಸರಿಯಾಗಿದೆ. ಎಡಗಡೆಯದು ಅದಕ್ಕಿಂತ ಸ್ವಲ್ಪ ಗಾಢ, ಟೀಯಲ್ಲಿ ಅದ್ದಿದ ಬಿಸ್ಕತ್ತು. ಅದನ್ನು ಹಾಗೇ ಬಿಟ್ಟಿದ್ದೇನೆ.

ವಾಪಸ್ ಬರುವಾಗ ಪಂಕ್ಚರ್ ಅಂಗಡಿ ಮುಂದೆ ನಿಲ್ಲಿಸಿದೆ. ಐಡಲ್‌ನಲ್ಲಿ ಡಿಂಗ್ ಡಿಂಗ್ ಅಂತ ಎಂಜಿನ್ ತಾನಾಗಿ ಓಡುತ್ತಿತ್ತು. ಹಳೇ ಮೆಕ್ಯಾನಿಕ್ ಸ್ಟೂಲ್ ಬಿಟ್ಟು ಏಳಲಿಲ್ಲ. ಎರಡೂ ಸೈಲೆನ್ಸರ್ ಹಿಂದೆ ಅಂಗೈ ಒಡ್ಡುವಂತೆ ಮಗನಿಗೆ ಹೇಳಿದರು. ಅವನು ಎಡಗೈ, ಬಲಗೈ ಎರಡನ್ನೂ ಹಿಡಿದು ಸ್ವಲ್ಪ ಹೊತ್ತು ನಿಂತ.

"ಎರಡೂ ಒಂದೇ ಥರ ಐತೆ ಅಪ್ಪಾ."

"ಸರಿ" ಅಂದರು. "ಆ 26ರದ್ದು ಎಲ್ಲಿ? ಬಿಸಾಕ್ಬೇಡಿ ಸಾರ್. ನನ್ ಮಗನ ಗಾಡಿಗೆ ಬೇಕು."