ತಲೆಗೆ ಪೆಟ್ಟು: ಸ್ಕ್ಯಾನ್ ಯಾವಾಗ ಬೇಕು?

ಬೈಕಿನಿಂದ ಬಿದ್ದವರನ್ನು ಆಸ್ಪತ್ರೆಗೆ ತಂದ ಕೂಡಲೇ ಮನೆಯವರ ಮೊದಲ ಮಾತು, 'ಡಾಕ್ಟ್ರೇ, ಒಂದು ಸ್ಕ್ಯಾನ್ ಮಾಡಿಬಿಡಿ.' ಆತಂಕ ಸಹಜವೇ. ಆದರೆ ಸಣ್ಣ ಪೆಟ್ಟಿಗೆಲ್ಲ ಸಿಟಿ ಸ್ಕ್ಯಾನ್ ಬೇಕಿಲ್ಲ. ಯಾರಿಗೆ ಬೇಕು ಎಂದು ತೀರ್ಮಾನಿಸಲು ಕೆನಡಾದ ವೈದ್ಯರು 2001ರಲ್ಲಿ ಪ್ರಕಟಿಸಿದ ನಿಯಮ ಇವತ್ತಿಗೂ ಬಳಕೆಯಲ್ಲಿದೆ.

ಮೊದಲು ಮಾತ್ರೆ ಚೀಟಿ ನೋಡಿ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರು ಚೆನ್ನಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಫಿಟ್ಸ್ ಬಂದರೂ ಹಾಗೆಯೇ.

ಆಮೇಲೆ ಕೇಳಿ: ಪ್ರಜ್ಞೆ ತಪ್ಪಿತ್ತಾ? ಬಿದ್ದದ್ದು ಮರೆತುಹೋಗಿದೆಯಾ? ಗೊಂದಲವಿದೆಯಾ? ಇವುಗಳಲ್ಲಿ ಒಂದಾದರೂ ಇದ್ದರೆ ವೈದ್ಯರು ಮುಂದಿನದನ್ನು ನೋಡುತ್ತಾರೆ.

ಬಿದ್ದ ಹೊತ್ತನ್ನು ಬರೆದಿಟ್ಟುಕೊಳ್ಳಿ, ಇದು ತುಂಬಾ ಮುಖ್ಯ. ಎರಡು ಗಂಟೆಯಾದರೂ ಮಂಪರು ಇಳಿಯದಿದ್ದರೆ, ಇವತ್ತು ಯಾವ ವಾರ ಎಂದರೆ ತಪ್ಪು ಹೇಳುತ್ತಿದ್ದರೆ, ಸ್ಕ್ಯಾನ್ ಬೇಕು. ಎರಡು ಅಥವಾ ಹೆಚ್ಚು ಸಲ ವಾಂತಿಯಾದರೂ ಬೇಕು. ಕಣ್ಣಿನ ಸುತ್ತ ಅಥವಾ ಕಿವಿಯ ಹಿಂದೆ ಕಪ್ಪಗಾಗುವುದು, ಮೂಗು-ಕಿವಿಯಿಂದ ನೀರಿನಂಥ ದ್ರವ ಸೋರುವುದು ಬುರುಡೆಯ ಬುಡ ಬಿರುಕು ಬಿಟ್ಟಿರಬಹುದೆಂಬ ಸೂಚನೆ. 65 ತುಂಬಿದವರಿಗೆ ವಯಸ್ಸೇ ಸಾಕಷ್ಟು ಕಾರಣ. ಪೆಟ್ಟಿಗೆ ಮುಂಚಿನ ಅರ್ಧ ಗಂಟೆಯ ನೆನಪು ಅಳಿಸಿದ್ದರೆ, ನಡೆಯುವಾಗ ಗಾಡಿ ಗುದ್ದಿದ್ದರೆ, ಐದು ಮೆಟ್ಟಿಲಿನಷ್ಟು ಎತ್ತರದಿಂದ ಬಿದ್ದಿದ್ದರೆ ಆಗಲೂ ಯೋಚಿಸಬೇಕು.

ಮಕ್ಕಳ ಲೆಕ್ಕ ಬೇರೆ. ಅವರ ಬೆಳೆಯುವ ಮಿದುಳಿಗೆ ಸುಮ್ನೆ ಸ್ಕ್ಯಾನಿನ ವಿಕಿರಣ ಬೇಡ, ಅಲ್ವಾ? ಅನುಮಾನ ಕಡಿಮೆಯಿದ್ದರೆ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇಟ್ಟು ನೋಡುವುದು ಒಳ್ಳೆಯ ದಾರಿ. 'ಮಗು ಎಂದಿನಂತಿಲ್ಲ' ಎಂದು ತಾಯಿ ಹೇಳಿದರೆ ಆ ಮಾತಿಗೆ ಬೆಲೆ ಕೊಡಲೇಬೇಕು.

ಸಿಟಿ ಸ್ಕ್ಯಾನ್ ರಕ್ತಸ್ರಾವ, ಮೂಳೆ ಮುರಿತವನ್ನು ನಿಮಿಷಗಳಲ್ಲಿ ತೋರಿಸುತ್ತದೆ. ಮಿದುಳು ಅಲುಗಿದ್ದರಿಂದ ಬರುವ ತಲೆನೋವು, ಮರೆವು, ಕಿರಿಕಿರಿ ಅದರಲ್ಲಿ ಕಾಣುವುದಿಲ್ಲ. ರಿಪೋರ್ಟ್ ನಾರ್ಮಲ್ ಎಂದು ಮರುದಿನವೇ ಆಟಕ್ಕೆ, ಬೈಕ್ ಓಡಿಸಲು ಹೋಗಬೇಡಿ.

ಮನೆಗೆ ಕಳಿಸಿದ ಮೇಲೆ ಒಂದು ದಿನ ಜೊತೆಗೊಬ್ಬರು ಇರಲಿ. ನಿದ್ದೆ ಮಾಡಬಹುದು. ಆದರೆ ಎಬ್ಬಿಸಿದರೂ ಏಳದಿದ್ದರೆ, ತಲೆನೋವು ಜಾಸ್ತಿಯಾಗುತ್ತಲೇ ಹೋದರೆ, ಕೈಕಾಲು ಸೋತರೆ ತಕ್ಷಣ ವಾಪಸ್ ಬನ್ನಿ. ವಯಸ್ಸಾದವರಲ್ಲಿ ರಕ್ತ ನಿಧಾನವಾಗಿ ಜಿನುಗಿ ವಾರಗಳ ನಂತರವೂ ನಡಿಗೆ ತಪ್ಪಬಹುದು. ಆಗ ಮೊದಲ ಸ್ಕ್ಯಾನ್ ಸರಿಯಿತ್ತು ಎಂದು ಕೂರದೆ, ಇನ್ನೊಂದು ಮಾಡಿಸಿ.